ಅತಿಥಿ ಖಾತೆ

ನನ್ನ ಹೆಂಡತಿಯ ದನಿ ಅಳಿಸಿಹೋಗಿದೆ ಎಂದು ತಿಳಿದದ್ದು ಒಂದು ಭಾನುವಾರ ಬೆಳಿಗ್ಗೆ. ಅವಳು ತೀರಿಕೊಂಡು ಆಗ ಐದು ತಿಂಗಳಾಗಿತ್ತು. ಬದುಕಿದ್ದಾಗ ಆರು ವರ್ಷ, ದಿನವೂ ಬೆಳಗಿನ ತನ್ನ ಪ್ರಾರ್ಥನೆಯನ್ನು ಫೋನಿನಲ್ಲಿ ಹಿಡಿದಿಟ್ಟಿದ್ದಳು. ಅವೆಲ್ಲ ಮೆಟ್ಟಿಲ ಕೆಳಗಿನ ಕಪಾಟಿನ ಸರ್ವರಿನಲ್ಲಿದ್ದವು. ಮನೆಯವರ ಸಿನಿಮಾ, ಹಾಡು, ಫೋಟೊಗಳನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಟಿ.ವಿ.ಗೂ ಫೋನುಗಳಿಗೂ ಬಡಿಸುವ ಪೆಟ್ಟಿಗೆ ಅದು. ನಾನು ದಿನಕ್ಕೊಂದು ಹಾಕಿಕೊಂಡು ಅವಳ ಜೊತೆಗೇ ಪ್ರಾರ್ಥಿಸುತ್ತಿದ್ದೆ. ಅಂದು ನೋಡಿದರೆ ಒಂದೂ ಇರಲಿಲ್ಲ.

ಸರ್ವರನ್ನು ಕೂರಿಸಿದವನು ಅವಳ ತಮ್ಮ. ಮಹಡಿಯ ಮೇಲೆ ಅವನ ಸಂಸಾರ. ಆಡುವುದೆಲ್ಲ ಅಪ್ಪಣೆಯ ಹಾಗಿರುವುದರಿಂದ ಮನೆಯವರು ಅವನನ್ನು ದೊರೆ ಎನ್ನುತ್ತಾರೆ. ಕೆಳಗಿಳಿದು ಬಂದು ನೋಡಿದ.

"ಭಾವ, ನೀವೇ ಏನೋ ಒತ್ತಿದೀರಿ."

"ಹಾಕಿ ಕೇಳೋದು ಬಿಟ್ರೆ ನನಗೆ ಬೇರೇನು ಗೊತ್ತಪ್ಪ?"

"ಗೊತ್ತಿಲ್ಲದವರೇ ಒತ್ತೋದು. ಕೈ ಬೇರೆ ನಡುಗುತ್ತೆ ನಿಮ್ಮದು."

"ಎರಡು ಡಿಸ್ಕ್ ಇದೆ, ಒಂದು ಹೋದ್ರೆ ಇನ್ನೊಂದು ಅಂದಿದ್ದೆಯಲ್ಲ?"

"ಕೆಟ್ಟರೆ ಇನ್ನೊಂದು. ಅಳಿಸಿದ್ರೆ ಎರಡರಲ್ಲೂ ಅಳಿಯುತ್ತೆ ಭಾವ."

ನಾನು ನಂಬಿದೆ. ಮನೆಯವರೂ ನಂಬಿದರು. ಮಗಳು ಫೋನಿನಲ್ಲಿ ಅತ್ತಳು. ಒಂದು ಮಾತೂ ಬೈಯದೆ ಅತ್ತದ್ದೇ ಹೆಚ್ಚು ಚುಚ್ಚಿತು. ಎರಡು ತಿಂಗಳು ನನ್ನ ಬಲಗೈಯನ್ನು ನಾನೇ ಶಪಿಸಿದೆ. ದೇವರ ಮುಂದೆ ಅದನ್ನು ಜೋಡಿಸಲೂ ನಾಚಿಕೆಯಾಗುತ್ತಿತ್ತು.

ಕೊನೆಗೆ, ದೊರೆ ಕಚೇರಿ ಕೆಲಸಕ್ಕೆಂದು ಒಂದು ವಾರ ಪರ ಊರಿಗೆ ಹೋದಾಗ, ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡು ಕಂಪ್ಯೂಟರ್ ರಿಪೇರಿಯವಳ ಅಂಗಡಿಗೆ ಹೋದೆ. ಅವಳು ಹಿಂಬದಿಯ ಸಣ್ಣ ತೂತಿಗೆ ಪಿನ್ನು ಚುಚ್ಚಿ ಪಾಸ್‌ವರ್ಡ್ ಬದಲಿಸಿ ಒಳಹೊಕ್ಕಳು. ಅರ್ಧ ದಿನ ಹುಡುಕಿದಳು. ಡಿಸ್ಕಿನಲ್ಲಿ ಅವಿದ್ದ ಜಾಗದ ಮೇಲೆ ಬೇರೇನೋ ಬರೆದಾಗಿದೆ, ದನಿ ವಾಪಸು ಬರುವುದಿಲ್ಲ ಎಂದಳು. ನಾನು ಎದ್ದೆ.

"ಕೂತ್ಕೊಳ್ಳಿ ತಾತ. ಇದರೊಳಗೆ ನೀವು ಯಾವ ಹೆಸರಲ್ಲಿ ಹೋಗ್ತೀರಿ?"

"ಅತಿಥಿ ಅಂತ. ಅವನೇ ಮಾಡಿಕೊಟ್ಟದ್ದು."

"ನಿಮ್ಮ ಮನೇಲಿ ನೀವೇ ಅತಿಥಿನಾ?" ಎಂದು ನಕ್ಕಳು. "ಅತಿಥಿ ನೋಡಬಹುದು, ಕೇಳಬಹುದು. ಅಳಿಸೋಕೆ ಇದು ಬಿಡೋದೇ ಇಲ್ಲ. ಕೈಯಲ್ಲ, ಕಾಲಲ್ಲಿ ಒತ್ತಿದ್ರೂ ಅಳಿಯಲ್ಲ."

ಯಾರು ಏನು ಮಾಡಿದರೆಂದು ಆ ಪೆಟ್ಟಿಗೆ ತಾನೇ ಬರೆದಿಟ್ಟುಕೊಳ್ಳುತ್ತದಂತೆ. ತೆಗೆದು ತೋರಿಸಿದಳು. ದಿನಾಂಕ, ಗಂಟೆ, ಎರಡು ಸಾವಿರ ಚಿಲ್ಲರೆ ದನಿಯ ಫೈಲುಗಳನ್ನು ಅಳಿಸಲಾಗಿದೆ ಎಂಬ ಸಾಲು. ಅಳಿಸಿದವನ ಹೆಸರು ದೊರೆ. ಏಳು ನಿಮಿಷ ಕಳೆದು, ಅದೇ ಹೆಸರಿನಿಂದ ನಲವತ್ತು ಕುಸ್ತಿ ಪಂದ್ಯಗಳ ವಿಡಿಯೊಗಳು ಒಳಗೆ ಬಂದಿದ್ದವು.

"ಇದನ್ನು ನಡೆಸೋದು ನನಗೆ ಕಲಿಸಮ್ಮ," ಎಂದೆ.

ಕಲಿಯುವ ಆಸೆಯಿಂದ ಕಲಿತೆನೆಂದು ಸುಳ್ಳು ಹೇಳಲಾರೆ. ಆ ವಾರವೆಲ್ಲ ಅಂಗಡಿಯ ಸ್ಟೂಲಿನ ಮೇಲೆ ಕೂತೆ. ಖಾತೆ ತೆರೆಯುವುದು, ಮುಚ್ಚುವುದು, ಬೇರೊಂದು ಡಿಸ್ಕಿಗೆ ನಕಲು ತೆಗೆದು ಬೀರುವಿನಲ್ಲಿಡುವುದು, ಎಲ್ಲವನ್ನೂ ನೋಟುಪುಸ್ತಕದಲ್ಲಿ ಬರೆದುಕೊಂಡೆ. ಹಲ್ಲು ಕಚ್ಚಿಕೊಂಡು ಕಲಿತದ್ದು ಮರೆಯುವುದಿಲ್ಲ.

ಮುಂದಿನ ಭಾನುವಾರ ಮಗಳು, ಅಳಿಯ, ಮಹಡಿಯವರು ಎಲ್ಲರೂ ಊಟ ಮುಗಿಸಿ ಟಿ.ವಿ. ಮುಂದೆ ಕೂತರು.

"ಸಿನಿಮಾ ನಾನು ಹಾಕ್ತೀನಿ," ಎಂದೆ.

"ಬೇಡಿ ಭಾವ, ಉಳಿದದ್ದೂ ಹೋದೀತು," ಎಂದ ದೊರೆ. ಒಂದಿಬ್ಬರು ನಕ್ಕರು.

ನಾನು ಪೆಟ್ಟಿಗೆ ಬರೆದಿಟ್ಟುಕೊಂಡಿದ್ದ ಆ ಪುಟವನ್ನು ಟಿ.ವಿ.ಯ ತುಂಬ ತಂದು ನಿಲ್ಲಿಸಿದೆ. ಅವನ ಹೆಂಡತಿಯೇ ಗಟ್ಟಿಯಾಗಿ ಓದಿದಳು. ಗಂಡನ ಹೆಸರು ಬಂದಲ್ಲಿ ಅವಳ ದನಿ ಇಳಿಯಿತು.

"ಆ ಫೈಲುಗಳಿಗೆ ಬರೀ ಅಂಕಿ ಇತ್ತು ಭಾವ, ಹೆಸರಿರಲಿಲ್ಲ. ಫೋನಿನ ಕಸ ಅಂದ್ಕೊಂಡೆ."

"ಅದು ಗೊತ್ತಿಲ್ಲದೆ ಆದ ತಪ್ಪು, ಒಪ್ಪಿದೆ. ಆಮೇಲೆ ನನ್ನ ಕೈ ತೋರಿಸಿದ್ದು?"

ನಾನು ಎಲ್ಲರೆದುರು ಮೊದಲು ಅವನ ಕುಸ್ತಿಗಳನ್ನು ಅಳಿಸಿದೆ, ಆಮೇಲೆ ಅವನ ಖಾತೆಯನ್ನು. ನಿಧಾನವಾಗಿ ಒತ್ತಿದೆ, ಅವನು ನೋಡಲೆಂದು.

"ಅವಳು ನನಗೂ ಅಕ್ಕ ಅಲ್ವಾ ಭಾವ?"

"ಹೌದು. ಅದಕ್ಕೇ."

ಅವನು ಮೇಲೆ ಹೋದವನು ಇನ್ನೂ ಕೆಳಗಿಳಿದಿಲ್ಲ. ಮಗಳು ಬಂದು ನನ್ನ ಕೈ ಹಿಡಿದುಕೊಂಡಳು. ನನಗೆ ಹಿತವಾಯಿತು, ಮುಚ್ಚಿಡುವುದಿಲ್ಲ. ನನ್ನ ಹೆಂಡತಿ ಇದ್ದಿದ್ದರೆ ತಮ್ಮನ ಪರ ನಿಲ್ಲುತ್ತಿದ್ದಳೆಂಬುದೂ ಗೊತ್ತು.

ಈಗ ಬೆಳಿಗ್ಗೆ ಒಬ್ಬನೇ ಕೈ ಜೋಡಿಸುತ್ತೇನೆ. ದೇವರೇ, ಅವನನ್ನು ಕ್ಷಮಿಸುವ ಮನಸ್ಸು ನನಗಿನ್ನೂ ಬಂದಿಲ್ಲ, ಅದನ್ನು ಇವತ್ತು ಕೇಳುವುದೂ ಇಲ್ಲ. ಅವಳ ಆತ್ಮಕ್ಕೆ ಶಾಂತಿ ಕೊಡು. ನಮ್ಮಿಬ್ಬರ ಜಗಳದ ಸದ್ದು ಅವಳಿರುವಲ್ಲಿಗೆ ಮುಟ್ಟದಿರಲಿ.