ಎಡಗಡೆಯ ಸದ್ದು

ಅಣ್ಣ ತೀರಿಕೊಂಡು ಕೆಲವು ತಿಂಗಳಾದ ಮೇಲೆ ಅವನ ಹೋಮ್ ಥಿಯೇಟರ್ ಗುಬ್ಬಿಯ ಮನೆಗೆ ಬಂತು. ಗುಬ್ಬಿ ಅವನ ಒಬ್ಬಳೇ ತಂಗಿ. ಚಿಕ್ಕಂದಿನಲ್ಲಿ ಅಣ್ಣನೇ ಇಟ್ಟ ಹೆಸರು ಅದು. ಈಗ ಅವಳಿಗೆ ನಲವತ್ತು ದಾಟಿದೆ, ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸದಲ್ಲಿ ಕೈ ಪಳಗಿದೆ. ಆದರೂ ಮನೆಯವರ ಬಾಯಲ್ಲಿ ಅವಳು ಗುಬ್ಬಿಯೇ. ಅತ್ತಿಗೆ ದೊಡ್ಡ ಮನೆ ಬಿಟ್ಟು ತನ್ನ ಅಕ್ಕನ ಮನೆಯ ಒಂದು ಕೋಣೆಗೆ ಹೋಗುವವಳಿದ್ದಳು. "ಇಷ್ಟೆಲ್ಲ ಪೆಟ್ಟಿಗೆ ಅಲ್ಲಿ ಹಿಡಿಸಲ್ಲ, ನೀವೇ ಇಟ್ಕೊಳ್ಳಿ" ಎಂದು ಫೋನಿನಲ್ಲಿ ಹೇಳಿ ಎಲ್ಲವನ್ನೂ ವ್ಯಾನಿನಲ್ಲಿ ಕಳಿಸಿಬಿಟ್ಟಳು.

ಗುಬ್ಬಿಗೆ ಅದು ಬೇಕಿರಲಿಲ್ಲ. ಅಣ್ಣನ ಜೊತೆ ಅವಳು ಮಾತು ಬಿಟ್ಟಿರಲಿಲ್ಲ ನಿಜ. ಆದರೆ ಅಮ್ಮ ಹೋದಂದಿನಿಂದ ಇಬ್ಬರ ಮಾತಿಗೆ ಉಪ್ಪೂ ಇರಲಿಲ್ಲ, ಹುಳಿಯೂ ಇರಲಿಲ್ಲ. ಹೇಗಿದ್ದೀಯಾ, ಚೆನ್ನಾಗಿದ್ದೀನಿ, ಸರಿ ಹಾಗಾದ್ರೆ. ಅಷ್ಟೇ.

ಅವಳ ಅತ್ತೆಯೂ ಪೆಟ್ಟಿಗೆಗಳನ್ನು ನೋಡಿ ಮೂಗು ಮುರಿದರು. "ಹೋದೋರ ಸಾಮಾನು ತಂದ್ರೆ ಹೋದೋರೂ ಹಿಂದೇನೇ ಬರ್ತಾರೆ, ನೋಡ್ಕೊಳ್ರಮ್ಮ."

ಗಂಡ ಮಾತ್ರ ಹಸಿದವನಿಗೆ ಎಲೆ ಹಾಕಿದಂತೆ ಕುಣಿದಾಡಿದ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಲುಂಗಿ ಎತ್ತಿ ಕಟ್ಟಿ ಕೆಲಸಕ್ಕಿಳಿದ. ಟಿವಿಯ ಕೆಳಗೆ ರಿಸೀವರ್ ಇಟ್ಟ. ಎಲ್ಲ ಸ್ಪೀಕರ್‌ಗಳ ತಂತಿಯೂ ಬಂದು ಸೇರುವ, ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರದ ಕಪ್ಪು ಪೆಟ್ಟಿಗೆ ಅದು. ಟಿವಿಯ ಅಕ್ಕಪಕ್ಕ ಎರಡು ಸ್ಪೀಕರ್, ನಡುವೆ ಒಂದು, ಸೋಫಾದ ಹಿಂದೆ ಎರಡು. ಮುಗಿಯಿತು ಅನ್ನುವಷ್ಟರಲ್ಲಿ ಕೊನೆಯ ಡಬ್ಬದಲ್ಲಿ ಇನ್ನೆರಡು ಪುಟ್ಟ ಸ್ಪೀಕರ್ ಸಿಕ್ಕವು.

"ಇವು ಎಫೆಕ್ಟ್ ಸ್ಪೀಕರ್ ಕಣೇ," ಎಂದ ಗಂಡ, ಒಂದನ್ನು ಅಂಗೈಯಲ್ಲಿಟ್ಟು ತೂಗುತ್ತ. "ಎದುರು ಗೋಡೆ ಮೇಲೆ ಆ ಮೂಲೆಗೊಂದು ಈ ಮೂಲೆಗೊಂದು, ಎತ್ತರದಲ್ಲಿ ಕೂರಿಸ್ಬೇಕು. ಮಾತುಕತೆ ಇದ್ರಲ್ಲಿ ಬರಲ್ಲ. ಗಾಳಿ, ಹೆಜ್ಜೆ ಸಪ್ಪಳ, ಎಲ್ಲೋ ಬಾಗಿಲು ಹಾಕಿದ್ದು, ಅಂಥದ್ದು ಮಾತ್ರ."

"ಬರೀ ಸಪ್ಪಳಕ್ಕೆ ಅಂತಾನೇ ಎರಡಾ?" ಎಂದರು ಅತ್ತೆ. "ನಿನ್ನ ಗೊರಕೆ ಸಾಲ್ದೇನೋ?"

ಗಂಡ ಏಣಿ ಹತ್ತಿ ಗೋಡೆ ಕೊರೆದ. ಸುಣ್ಣದ ಪುಡಿ ಗುಬ್ಬಿಯ ತಲೆಯ ಮೇಲೆಲ್ಲ ಬಿತ್ತು. ಅವಳು ಕೆಳಗಿನಿಂದ ತಂತಿ ಎಳೆದು ಕೊಟ್ಟಳು. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಹೆಚ್ಚುವರಿ ಸ್ಪೀಕರ್‌ಗಳಿಗೆಂದೇ ರಿಸೀವರಿನ ಬೆನ್ನಿನಲ್ಲಿದ್ದ ತೂತುಗಳಿಗೆ ತಂತಿ ತೂರಿಸಿ ತಿರುಪು ಬಿಗಿದದ್ದೂ ಅವಳೇ. ಸಣ್ಣ ತಿರುಪಿನ ಕೆಲಸ ಅವಳಿಗೆ ನೀರು ಕುಡಿದಷ್ಟು ಸಲೀಸು.

ಒಂದು ಹಳೆಯ ಸಿನಿಮಾ ಹಾಕಿದರು. ದೊಡ್ಡ ಖಾಲಿ ಮನೆಯಲ್ಲಿ ಒಬ್ಬ ಹೆಂಗಸು ಯಾರಿಗೋ ಕಾಯುತ್ತಿರುತ್ತಾಳೆ. ಮಹಡಿಯ ಮೇಲೆ ಯಾರೋ ನಡೆಯುತ್ತಾರೆ. ಆ ಹೆಜ್ಜೆ ಈ ಮೂಲೆಯಿಂದ ಆ ಮೂಲೆಗೆ ದಾಟಬೇಕಿತ್ತು. ದಾಟಲಿಲ್ಲ. ಎಡಗಡೆ ಮೇಲ್ಮೂಲೆಯಲ್ಲಿ ಜೋರಾಗಿ ಕೇಳಿ, ಅಲ್ಲೇ ನಿಂತುಬಿಟ್ಟಿತು. ಆಮೇಲೆ ಬಟ್ಟೆಯ ಸರಪರ, ಆಮೇಲೆ ಉಸಿರಿನಂಥ ಗಾಳಿ, ಎಲ್ಲವೂ ಅಲ್ಲಿಂದಲೇ. ಪರದೆಯ ಮೇಲಿನ ಹೆಂಗಸು ಬಲಕ್ಕೆ ತಿರುಗಿದಳು. ಸೋಫಾದ ಮೇಲಿದ್ದ ಮೂವರೂ ಎಡಕ್ಕೆ ತಿರುಗಿದರು.

"ಯಾರೋ ಅಲ್ಲಿ?" ಎಂದರು ಅತ್ತೆ, ಮೆಲ್ಲಗೆ.

ಯಾರೂ ನಗಲಿಲ್ಲ.

ಎಡದ ಸ್ಪೀಕರ್ ಕೆಟ್ಟಿರಬೇಕು ಎಂದು ಗಂಡ ಎರಡನ್ನೂ ಇಳಿಸಿ ಅದಲು ಬದಲು ಮಾಡಿದ. ಹೆಜ್ಜೆ ಮತ್ತೆ ಎಡದ ಮೂಲೆಗೇ ಬಂತು. ತಂತಿ ಬದಲಿಸಿದ. ಹಾಗೇ ಬಂತು. ಅತ್ತೆ ಎದ್ದು ಹೋಗಿ ಅಡುಗೆಮನೆಯಲ್ಲಿ ಕೂತರು.

ಗುಬ್ಬಿ ಎದ್ದು ಆ ಮೂಲೆಯ ಕೆಳಗೆ ಪಕ್ಕದ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಹಾಗೆ ನಿಂತಾಗ ಸದ್ದು ಅವಳ ಎಡಭುಜದ ಮೇಲೇ ಇತ್ತು. ಕೊನೆಯ ವರ್ಷಗಳಲ್ಲಿ ಅಣ್ಣ ನಿಲ್ಲುತ್ತಿದ್ದದ್ದು ಅಲ್ಲೇ. ಮದುವೆಮನೆಯಿರಲಿ, ಆಸ್ಪತ್ರೆಯಿರಲಿ, ಎಲ್ಲಿ ಸಿಕ್ಕರೂ ಸುತ್ತಿ ಬಳಸಿ ಬಂದು ಅವಳ ಎಡಕ್ಕೇ ನಿಲ್ಲುತ್ತಿದ್ದ. ತಲೆ ಓರೆ ಮಾಡಿ ಅವಳ ಕಡೆ ಬಾಗುತ್ತಿದ್ದ. ದೊಡ್ಡಸ್ತಿಕೆ ಎಂದುಕೊಂಡಿದ್ದಳು ಅವಳು. ಈಗ ಕತ್ತು ತಿರುಗಿಸಲು ಧೈರ್ಯ ಬರಲಿಲ್ಲ.

"ಸಾಕು, ಆರಿಸಿಬಿಡಿ," ಎಂದಳು.

"ತಾಳು ಮಾರಾಯ್ತಿ. ತಂತಿ ಸರಿಯಿದೆ, ಸ್ಪೀಕರ್ ಸರಿಯಿದೆ. ಒಳಗಡೆ ಏನಾದ್ರೂ ಇರ್ಬೇಕು." ಗಂಡ ರಿಮೋಟ್ ಒತ್ತುತ್ತ ರಿಸೀವರಿನ ಮೆನುವಿನೊಳಗೆ ಹೊಕ್ಕ. ಒಂದೊಂದು ಸ್ಪೀಕರಿನ ಸದ್ದು ಎಷ್ಟಿರಬೇಕೆಂದು ತೋರಿಸುವ ಪುಟ ಟಿವಿಯ ಮೇಲೆ ತೆರೆದುಕೊಂಡಿತು. ಬಲಗಡೆಯವೆಲ್ಲ ನೆಟ್ಟಗೆ ಸೊನ್ನೆಯಲ್ಲಿದ್ದವು. ಎಡಗಡೆಯವೆಲ್ಲ ಮೇಲಕ್ಕೇರಿದ್ದವು. ಎಡದ ಎಫೆಕ್ಟ್ ಸ್ಪೀಕರ್ ಅಂತೂ ಇನ್ನು ಏರಿಸಲು ಜಾಗವೇ ಇಲ್ಲದಷ್ಟು ತುದಿಯಲ್ಲಿತ್ತು.

"ನೋಡು! ದೆವ್ವಾನೂ ಇಲ್ಲ, ಭೂತಾನೂ ಇಲ್ಲ. ನಿಮ್ಮಣ್ಣನೇ ಬೇಕಂತ ಮಾಡಿಟ್ಟಿದ್ದಾರೆ. ಯಾಕೋ ದೇವರೇ ಬಲ್ಲ."

ಗುಬ್ಬಿ ಆ ಪುಟವನ್ನು ನೋಡುತ್ತ ನಿಂತಳು. ಅಂಗಡಿಗೆ ಬರುವ ಎಷ್ಟೋ ಕನ್ನಡಕಗಳು ಹೀಗೆಯೇ: ಒಂದು ಗಾಜು ತೆಳು, ಇನ್ನೊಂದು ದಪ್ಪ. ಹಾಕಿಕೊಂಡವರಿಗೆ ಲೋಕ ನೇರವಾಗಿ ಕಾಣುತ್ತದೆ, ಬೇರೆಯವರು ಹಾಕಿಕೊಂಡರೆ ತಲೆ ಸುತ್ತುತ್ತದೆ. ತನ್ನ ಎಡಕ್ಕೆ ನಿಂತ ಅಣ್ಣನ ಬಲಗಿವಿ ಯಾವಾಗಲೂ ತನ್ನ ಕಡೆಗೇ ಇರುತ್ತಿತ್ತು. ಅವಳು ಅಡುಗೆಮನೆಯ ಆಚೆಗಿನ ಪುಟ್ಟ ಬಾಲ್ಕನಿಗೆ ಹೋಗಿ ಅತ್ತಿಗೆಗೆ ಫೋನ್ ಮಾಡಿದಳು.

"ಅತ್ತಿಗೆ, ಅಣ್ಣನಿಗೆ ಎಡಗಿವಿ ಕೇಳಿಸ್ತಿರ್ಲಿಲ್ವಾ?"

ಆ ಕಡೆ ಕೋಣೆಯ ಬಾಗಿಲು ಹಾಕಿಕೊಂಡ ಸದ್ದು ಬಂತು.

"ಯಾರು ಹೇಳಿದ್ರು ನಿಂಗೆ?" ಎಂದಳು ಅತ್ತಿಗೆ.

"ಯಾರೂ ಹೇಳ್ಲಿಲ್ಲ. ಸ್ಪೀಕರ್ ಹಾಕಿದ್ವಿ."

ಅತ್ತಿಗೆ ನಿಧಾನವಾಗಿ ಹೇಳಿದಳು. ಅಣ್ಣ ಕಾರ್ಖಾನೆಯ ಬಾಯ್ಲರ್ ವಿಭಾಗದಲ್ಲಿದ್ದ. ಒಂದು ದಿನ ಪಕ್ಕದಲ್ಲೇ ಹಬೆಯ ಕೊಳವೆ ಸಿಡಿಯಿತು. ಮೈಗೆ ಏನೂ ಆಗಲಿಲ್ಲ, ಎಡಗಿವಿ ಮಾತ್ರ ಪೂರ್ತಿ ಹೋಯಿತು. ಕಿವುಡ ಅಂದರೆ ಬೇರೆ ವಿಭಾಗಕ್ಕೆ ತಳ್ಳುತ್ತಾರೆ, ನೆಂಟರು ಆಡಿಕೊಳ್ಳುತ್ತಾರೆ ಎಂದು, ಯಾರಿಗೂ ಹೇಳಕೂಡದೆಂದು ಹೆಂಡತಿಯಿಂದ ಆಣೆ ಹಾಕಿಸಿಕೊಂಡ. ಹೋಮ್ ಥಿಯೇಟರ್ ತಂದ ಮೇಲೆ ಎಡಗಡೆಯ ಸದ್ದನ್ನು ದಿನಕ್ಕಿಷ್ಟು ದಿನಕ್ಕಿಷ್ಟು ಏರಿಸುತ್ತ ಹೋದ. "ಜೋರು ಮಾಡಿದ್ರೆ ಆ ಕಿವಿ ಎಚ್ಚರ ಆಗತ್ತೇನೋ ಅಂತ ಆಸೆ ಅವರಿಗೆ," ಎಂದಳು ಅತ್ತಿಗೆ. "ಆಗ್ಲಿಲ್ಲ."

"ಯಾವಾಗ ಆಗಿದ್ದು ಅದು?"

"ನಿಮ್ಮಮ್ಮ ಹೋಗೋಕೆ ಒಂದು ವರ್ಷ ಮುಂಚೆ."

ಗುಬ್ಬಿ ಬಾಲ್ಕನಿಯ ಕಂಬಿ ಹಿಡಿದುಕೊಂಡಳು. ಅಮ್ಮನನ್ನು ಮಣ್ಣು ಮಾಡಿ ಬರುವಾಗ ಅಣ್ಣ ಕಾರು ಓಡಿಸುತ್ತಿದ್ದ. ಅವಳು ಪಕ್ಕದ ಸೀಟಿನಲ್ಲಿ, ಅಂದರೆ ಅವನ ಎಡಕ್ಕೆ ಕೂತಿದ್ದಳು. ಕಿಟಕಿಯ ಕಡೆ ಮುಖ ಮಾಡಿಕೊಂಡು, "ಇನ್ಮೇಲೆ ನಂಗೆ ನೀನು, ನಿಂಗೆ ನಾನು, ಅಷ್ಟೇ ಅಲ್ವೇನೋ ಅಣ್ಣ?" ಎಂದಿದ್ದಳು. ಅಣ್ಣ ಉತ್ತರಿಸಲಿಲ್ಲ. ಸ್ವಲ್ಪ ಹೊತ್ತಿಗೆ ಕೈ ಚಾಚಿ ರೇಡಿಯೊ ಹಾಕಿದ. ಆ ಕೈಯನ್ನು ಅವಳು ಇಷ್ಟು ವರ್ಷ ಮರೆತಿರಲಿಲ್ಲ.

"ಅವತ್ತು ಕಾರಲ್ಲಿ ನಾನೊಂದು ಮಾತು ಕೇಳಿದ್ದೆ," ಎಂದಳು.

"ಗೊತ್ತು. ನಾನು ಹಿಂದಿನ ಸೀಟಲ್ಲೇ ಇದ್ನಲ್ಲ. ನಂಗೆ ಕೇಳಿಸ್ತು."

"ಕೇಳಿಸ್ತಾ? ಮತ್ತೆ ಅವನಿಗೆ ಯಾಕೆ ಹೇಳ್ಲಿಲ್ಲ ನೀವು?"

"ಹೇಳ್ಬೇಕಾದ್ರೆ ಮೊದ್ಲು 'ನಿಮ್ಗೆ ಕೇಳಿಸ್ಲಿಲ್ಲ' ಅನ್ಬೇಕಿತ್ತಲ್ಲ ಗುಬ್ಬಿ. ಆ ಮಾತು ಅವರಿಗೆ ಬೆಂಕಿ," ಎಂದಳು ಅತ್ತಿಗೆ. "ನೀನೇ ಇನ್ನೊಂದ್ಸಲ ಕೇಳ್ತೀಯ ಅಂದ್ಕೊಂಡೆ. ಕಾಯ್ತಾ ಕೂತಿದ್ದೆ. ನೀನು ಕೇಳ್ಲೇ ಇಲ್ಲ. ದಿನ ಕಳೀತು, ವರ್ಷ ಕಳೀತು. ಆಮೇಲೆ ನನ್ನ ಬಾಯಿಗೆ ಬೀಗ ಬಿತ್ತು."

ಗುಬ್ಬಿ ಫೋನ್ ಇಟ್ಟಳು. ಅತ್ತಿಗೆಯ ಮೇಲೆ ಅವಳಿಗೆ ಸಿಟ್ಟು ಉಕ್ಕಿ ಬಂದಿತ್ತು. ಒಳಗೆ ಗಂಡ, "ಎಲ್ಲಾ ಸೊನ್ನೆಗೆ ತರ್ಲಾ?" ಎಂದು ಕೇಳಿದ. "ಮುಟ್ಬೇಡಿ," ಎಂದಳು.

ಆ ವಾರವೆಲ್ಲ ಆ ಮನೆಯಲ್ಲಿ ಸಿನಿಮಾ ನೋಡುವುದೆಂದರೆ ಒಂದು ಕಡೆಗೆ ವಾಲಿಕೊಂಡು ಕೂರುವುದಾಯಿತು. ಗುಬ್ಬಿ ಅಂಗಡಿಯಿಂದ ಬಂದು, ಒಬ್ಬಳೇ ಇದ್ದಾಗಲೂ ಹಾಕಿಕೊಳ್ಳುತ್ತಿದ್ದಳು. ಕತೆ ನೋಡುತ್ತಿರಲಿಲ್ಲ. ಮೂಲೆಯಲ್ಲಿ ಹೆಜ್ಜೆ ಬರುತ್ತಿತ್ತು, ನಿಲ್ಲುತ್ತಿತ್ತು. ಒಮ್ಮೆ ಅವಳು ಬಾಯಿ ತೆರೆದು ಆ ಕಡೆಗೆ ಏನೋ ಹೇಳಹೊರಟು, ಅತ್ತೆ ಬಾಗಿಲಲ್ಲಿ ನಿಂತಿದ್ದು ಕಂಡು ಸುಮ್ಮನಾದಳು. ಅತ್ತೆ ದೀಪ ಹಾಕಿ ಹೋದರು.

ವಾರ ಕಳೆದ ಮೇಲೆ ಅತ್ತಿಗೆಯನ್ನು ಮನೆಗೆ ಕರೆದದ್ದು ಗುಬ್ಬಿಯೇ. ಅವಳು ಬಂದಾಗ ಮುಖ ಸೊರಗಿತ್ತು, ಚಪ್ಪಲಿ ಬಿಡುವಾಗ ಗೋಡೆ ಹಿಡಿದುಕೊಂಡಳು. ಸಿನಿಮಾ ಹಾಕಿದರು. ಅವತ್ತು ಅರ್ಧಕ್ಕೆ ನಿಂತಿದ್ದ, ಖಾಲಿ ಮನೆಯ ಹೆಂಗಸಿನ ಕತೆಯೇ. ಅದೇ ಎಡಮೂಲೆಯಿಂದ ಮಳೆ ಸುರಿಯಿತು, ಬಾಗಿಲು ಕಿರ್ ಎಂದಿತು. ಗಂಡ ಕಣ್ಣು ಮಿಟುಕಿಸದೆ ಅತ್ತಿಗೆಯನ್ನೇ ನೋಡುತ್ತಿದ್ದ. ಅತ್ತಿಗೆ ತಲೆಯನ್ನೂ ತಿರುಗಿಸಲಿಲ್ಲ.

"ಏನಾಗಿದೆ? ಸರಿಯಾಗೇ ಇದ್ಯಲ್ಲ," ಎಂದಳು. "ನಮ್ಮನೇಲಿ ಯಾವಾಗ್ಲೂ ಹೀಗೇ ಬರ್ತಿತ್ತು."

ಅವಳು ಸೋಫಾದಲ್ಲಿ ಗುಬ್ಬಿಯ ಬಲಕ್ಕೆ ಕೂತಿದ್ದಳು. ನಡುವೆ ಏನೋ ನೆನಪಾಗಿ ಗುಬ್ಬಿಯ ಬಲಗಿವಿಗೆ ಬಾಯಿ ತಂದು, "ಇದ್ರಲ್ಲಿ ಕೊನೆಗೆ ಅವಳ ಗಂಡ ಬರ್ತಾನೆ!" ಎಂದು ಕಿರುಚಿದಂತೆ ಹೇಳಿದಳು. ಅತ್ತೆ ಬೆಚ್ಚಿಬಿದ್ದರು. ಅತ್ತಿಗೆ ತಟ್ಟನೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗಂಡನಿಗೆ ಕೇಳುತ್ತಿದ್ದ ಒಂದೇ ಕಿವಿಗೆ ಕೂಗಿ ಹೇಳಿದ ಅಷ್ಟು ವರ್ಷದ ರೂಢಿ.

ಗುಬ್ಬಿಯ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಇಂದಿಗೂ ಇಳಿದಿಲ್ಲ. ಆದರೂ ಅವಳು ಸರಿದು ಕೂರಲಿಲ್ಲ. ಕಿವಿಯಲ್ಲಿ ಗುಂಯ್ ಅನ್ನುತ್ತಿದ್ದಂತೆಯೇ, "ಹೇಳಿ ಅತ್ತಿಗೆ, ಇನ್ನೇನಾಗತ್ತೆ?" ಎಂದಳು.