ಗೋಡೆ ಕಡೆ ಮುಖ

ಆ ದೊಡ್ಡ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ನಲವತ್ತೆರಡು ಹೆಂಗಸರು ಕೆಲಸ ಮಾಡುತ್ತಿದ್ದರು. ಅಷ್ಟು ಜನರಲ್ಲಿ ಗುಟ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಬಲ್ಲವಳು ಒಬ್ಬಳೇ. ಅದಕ್ಕೇ ಅವಳಿಗೆ ಚಿಲಕ ಎಂದು ಹೆಸರಿಟ್ಟಿದ್ದರು. ಸಂಘದಲ್ಲಿ ಕೈ ಎಣಿಸುವ ಕೆಲಸ ಅವಳ ತಲೆಗೆ ಬಂದದ್ದೂ ಅದೇ ಕಾರಣಕ್ಕೆ.

ಸಂಘ ಕಟ್ಟಿದವಳು ಇಸ್ತ್ರಿ ಅಕ್ಕ. ಅದಕ್ಕೆ ಮುಂಚೆ ಅಲ್ಲಿ ಹೆರಿಗೆ ರಜ ಕೇಳಿದವಳ ಕೆಲಸವೇ ಹೋಗುತ್ತಿತ್ತು. ರಕ್ತ ಮೆತ್ತಿದ ಚಾದರಗಳನ್ನು ಬರಿಗೈಯಲ್ಲಿ ವಿಂಗಡಿಸಬೇಕಿತ್ತು. ಅಕ್ಕ ಮನೆಮನೆ ಅಲೆದಳು, ಯಾರ್ಯಾರದೋ ಗಂಡಂದಿರ ಬೈಗುಳ ತಿಂದಳು, ಒಬ್ಬೊಬ್ಬರನ್ನೇ ಎಳೆದು ತಂದಳು. ಕೈಗವಸು ಬಂತು, ರಜ ಬಂತು. ನಗರಸಭೆಗೆ ನುಗ್ಗಿ ಮೇಜು ಕುಟ್ಟಿದ ಮೇಲೆ ಆಸ್ಪತ್ರೆಯ ಹಿಂದಿನ ಬೀದಿಗೆ ದೀಪಗಳೂ ಬಂದವು. ಅಲ್ಲಿಯವರೆಗೆ ನಗರಸಭೆಯ ಗಂಡಸರಿಗೆ ಒಗೆಯುವವರಿಗೂ ಬಾಯಿದೆ ಎಂದು ಗೊತ್ತಿರಲಿಲ್ಲ.

ಮೊದಲ ಸಭೆಯಲ್ಲಿ ಕೈ ಎತ್ತಿದವರ ಹೆಸರೆಲ್ಲ ಮಾರನೇ ದಿನ ಮ್ಯಾನೇಜರನ ಕಿವಿಗೆ ಬಿದ್ದಿದ್ದವು. ಆಮೇಲೆ ಅಕ್ಕ ಒಂದು ಪದ್ಧತಿ ತಂದಳು. ಬಟ್ಟೆ ಮಡಚುವ ಕೋಣೆಯ ಬೆಂಚುಗಳನ್ನು ತಿರುಗಿಸಿ ಎಲ್ಲರೂ ಗೋಡೆ ಕಡೆ ಮುಖ ಮಾಡಿ ಕೂರಬೇಕು, ಕಣ್ಣು ಮುಚ್ಚಬೇಕು, ಆಮೇಲೆ ಕೈ ಎತ್ತಬೇಕು. ಹಿಂದೆ ನಿಂತು ಒಬ್ಬಳು ಎಣಿಸುತ್ತಾಳೆ. ‘ಆಯ್ತು’ ಅಥವಾ ‘ಇಲ್ಲ’ ಎನ್ನುವುದಷ್ಟೇ ಅವಳ ಕೆಲಸ. ಎಷ್ಟು ಕೈ ಎಂದೂ ಹೇಳುವಂತಿಲ್ಲ, ಯಾರ ಕೈ ಎಂದಂತೂ ಸತ್ತರೂ ಹೇಳುವಂತಿಲ್ಲ. ಎಣಿಸುವವಳಿಗೆ ಎತ್ತಲು ಕೈಯಿಲ್ಲ.

ಹತ್ತೊಂಬತ್ತು ವರ್ಷ ಚಿಲಕ ಹೀಗೆ ಬೆನ್ನುಗಳನ್ನೇ ನೋಡಿದಳು. ಮನುಷ್ಯರ ಮುಖ ನೋಡಿದವರಿಗಿಂತ ಅವಳಿಗೆ ಹೆಚ್ಚು ಗೊತ್ತಾಯಿತು. ಎಲ್ಲರಿಗಿಂತ ಜೋರಾಗಿ ಘೋಷಣೆ ಕೂಗುವವಳ ಕೈ ಯಾವತ್ತೂ ಮೇಲೇಳುತ್ತಿರಲಿಲ್ಲ. ಅದನ್ನು ಕಂಡು ಚಿಲಕ ಒಳಗೊಳಗೇ ನಗುತ್ತಿದ್ದಳು. ನಗು ನಿಂತದ್ದು ಎಂಟು ವರ್ಷದ ಹಿಂದೆ.

ಚಿಲಕನ ತಂಗಿಯೂ ಅಲ್ಲೇ ಕೆಲಸಕ್ಕಿದ್ದಳು. ಒಂದು ದಿನ ಒದ್ದೆ ಚಾದರದ ಜೊತೆಗೇ ಅವಳ ಬಲಗೈ ಇಸ್ತ್ರಿ ಯಂತ್ರದ ಬಿಸಿ ರೋಲರಿನೊಳಗೆ ಹೋಯಿತು. ನಾಲ್ಕು ಬೆರಳು ಹೋದವು. ಅಜಾಗ್ರತೆ ಎಂದು ಬರೆದು ಅವಳನ್ನು ಮನೆಗೆ ಕಳಿಸಿದರು. ಅವಳನ್ನು ವಾಪಸ್ ಕರೆಯುವವರೆಗೆ, ಕೈ ಒಳಗೆ ಹೋಗದಂತೆ ರೋಲರಿಗೆ ತಡೆಕಂಬಿ ಹಾಕುವವರೆಗೆ ಕೆಲಸ ನಿಲ್ಲಿಸೋಣವೇ ಎಂದು ಸಭೆ ಸೇರಿತು. ಅಕ್ಕ ಅರ್ಧ ಗಂಟೆ ಮಾತಾಡಿ ಎಲ್ಲರನ್ನೂ ಅಳಿಸಿದಳು. ಆಮೇಲೆ ಎಲ್ಲರೂ ಗೋಡೆಗೆ ತಿರುಗಿದರು, ಮತ್ತು ಅಕ್ಕನ ಎರಡು ಕೈಯೂ ಅವಳ ಮಡಿಲಲ್ಲೇ ಉಳಿದವು. ಚಿಲಕ ‘ಇಲ್ಲ’ ಎಂದಳು. ಅಕ್ಕ ಬಂದು ತಬ್ಬಿಕೊಂಡು, “ನಮ್ಮೋರು ಹೀಗ್ಮಾಡಿಬಿಟ್ರಲ್ಲೇ” ಎಂದು ಕಣ್ಣೊರೆಸಿಕೊಂಡಳು. ಅವತ್ತಿನಿಂದ ದಿನಾ ಬೆಳಿಗ್ಗೆ ತಂಗಿಯ ಜಡೆ ಹೆಣೆಯುವಾಗ ಚಿಲಕನಿಗೆ ಆ ಮಡಿಲು ಕಣ್ಮುಂದೆ ಬರುತ್ತಿತ್ತು.

ಈಗ ಮ್ಯಾನೇಜರ್ ಹೊಸ ಬಾಣ ಬಿಟ್ಟಿದ್ದ. ಇಸ್ತ್ರಿ ಅಕ್ಕ ಸಂಘವನ್ನೂ ಕೆಲಸವನ್ನೂ ಬಿಟ್ಟು ಹೋದರೆ ರೋಲರಿಗೆ ತಡೆಕಂಬಿ ಹಾಕಿಸುತ್ತೇನೆ ಎಂದಿದ್ದ. ಅಕ್ಕ ಹೆದರಲಿಲ್ಲ. ತಾನಿರಬೇಕೋ ಬೇಡವೋ ಎಂದು ಕೇಳಲು ತಾನೇ ಸಭೆ ಕರೆದಳು. ಗಂಡ, ಮಕ್ಕಳು ಯಾರೂ ಇಲ್ಲದ ಅವಳಿಗೆ ಸಂಘ ಬಿಟ್ಟರೆ ಹೋಗಲು ಇನ್ನೊಂದು ಬಾಗಿಲಿರಲಿಲ್ಲ.

“ಭಯ ಏನಿಲ್ಲ ಕಣೇ,” ಎಂದಳು ನಲ್ಲಿಯ ಹತ್ತಿರ ಚಿಲಕನಿಗೆ. “ಇವರು ನನ್ನ ಕೈ ಬಿಡಲ್ಲ. ನೀನು ಎಣ್ಸು, ಅಷ್ಟೆ.”

“ಹ್ಞೂ ಅಕ್ಕ,” ಎಂದಳು ಚಿಲಕ. ಎಷ್ಟೇ ಕೈ ಏಳಲಿ, ‘ಇಲ್ಲ’ ಎಂದು ಸುಳ್ಳು ಹೇಳುವುದೆಂದು ಅವಳು ಆಗಲೇ ತೀರ್ಮಾನ ಮಾಡಿದ್ದಳು.

ಬೆಂಚುಗಳು ತಿರುಗಿದವು. “ಅಕ್ಕ ಇರ್ಬೇಕು ಅನ್ನೋರು ಕೈ ಎತ್ತಿ,” ಎಂದಳು ಚಿಲಕ.

ಒಂದು ಕೈ ಎದ್ದಿತು. ಮೊಣಕೈಯಲ್ಲಿ ಇಸ್ತ್ರಿ ಸುಟ್ಟ ಗುರುತಿದ್ದ ಕೈ, ಅಕ್ಕನದೇ. ಚಿಲಕ ಕಾದಳು. ಯಾರೋ ಕತ್ತು ಕೆರೆದುಕೊಂಡರು. ಮತ್ತೊಂದು ಏಳಲಿಲ್ಲ. ಚಿಲಕನಿಗೆ ಮೋಸ ಹೋದಂತಾಯಿತು. ಎಂಟು ವರ್ಷ ಕೂಡಿಟ್ಟ ದ್ವೇಷ ಖರ್ಚಾಗುವ ಮುಂಚೆಯೇ ಬೇರೆಯವರು ಕೆಲಸ ಮುಗಿಸಿಬಿಟ್ಟಿದ್ದರು.

“ಇಲ್ಲ,” ಎಂದಳು.

ಎಲ್ಲರೂ ಎದ್ದು ಅಕ್ಕನನ್ನು ಮುತ್ತಿಕೊಂಡರು. “ಅಯ್ಯೋ ಅಕ್ಕ, ನಾನು ಎತ್ತಿದ್ದೆ ಕಣಕ್ಕ!” “ನನ್ನಾಣೆ, ನಾನೂ ಎತ್ತಿದ್ದೆ!” ನಲವತ್ತು ಜನರ ಬಾಯಲ್ಲೂ ಅದೇ ಮಾತು. ಎಷ್ಟು ಚೆನ್ನಾಗಿ ಅಳುತ್ತಿದ್ದರೆಂದರೆ ಕಣ್ಣಾರೆ ಕಂಡ ಚಿಲಕನಿಗೇ ಒಂದು ಗಳಿಗೆ ಅನುಮಾನ ಬಂತು. ಅಕ್ಕ ಅವರ ಬೆನ್ನು ಸವರಿ ತಾನೇ ಸಮಾಧಾನ ಮಾಡುತ್ತಿದ್ದಳು.

“ಗೊತ್ತು ಬಿಡ್ರೇ. ಸ್ವಲ್ಪದರಲ್ಲಿ ತಪ್ಪಿದೆ, ಅಷ್ಟೇ. ಅಲ್ವೇನೇ ಚಿಲಕ? ಇದೊಂದ್ಸಲ ಹೇಳೇ, ಎಷ್ಟು ಕಮ್ಮಿ ಬಿತ್ತು?”

‘ಹೇಳೋ ಪದ್ಧತಿಯಿಲ್ಲ’ ಎಂದಿದ್ದರೆ ಸಾಕಿತ್ತು. ಆ ಮುದುಕಿ ಅಷ್ಟು ಸುಳ್ಳನ್ನು ಕಟ್ಟಿಕೊಂಡು ಹೇಗೋ ಬದುಕಿಕೊಳ್ಳುತ್ತಿದ್ದಳು. ಚಿಲಕನಿಗೆ ಅದೂ ಗೊತ್ತಿತ್ತು.

“ಎದ್ದಿದ್ದು ಒಂದೇ ಕೈ ಅಕ್ಕ.”

ಬೆನ್ನು ಸವರುತ್ತಿದ್ದ ಕೈ ನಿಂತಿತು. ಅಳುತ್ತಿದ್ದವರು ಒಬ್ಬೊಬ್ಬರಾಗಿ ದೂರ ಸರಿದು ಬೆಂಚುಗಳಿಗೆ ಹೋಗಿ ಕೂತರು.

“ನನ್ನ ತಂಗಿಗೋಸ್ಕರ ಸಭೆ ಸೇರಿದ ದಿನ ನಿನ್ನ ಕೈ ಎಲ್ಲಿತ್ತೂಂತ ನಾನೇ ಹೇಳ್ಲಾ, ನೀನೇ ಹೇಳ್ತೀಯಾ?”

ಅಕ್ಕನ ಮುಖ ಬಿಳಿಚಿಕೊಂಡಿತು. “ಅವತ್ತು ಕೆಲ್ಸ ನಿಲ್ಸಿದ್ರೆ ಎಲ್ಲರನ್ನೂ ಆಚೆ ಹಾಕ್ತಿದ್ರು ಕಣೇ. ಒಬ್ಬಳಿಗೋಸ್ಕರ ಇಷ್ಟು ಜನ…”

“ಇವತ್ತು ಇವರೂ ಅದೇ ಲೆಕ್ಕ ಹಾಕಿದ್ದಾರೆ ಬಿಡು.”

ಅಕ್ಕ ಏಪ್ರನ್ ಬಿಚ್ಚಿದಳು. ಅಭ್ಯಾಸ ನೋಡಿ, ಅದನ್ನು ಅಂಚಿಗೆ ಅಂಚು ಕೂಡಿಸಿ ನಾಲ್ಕಾಗಿ ಮಡಚಿಟ್ಟೇ ಹೋದಳು. ಬಾಗಿಲವರೆಗೆ ಕಳಿಸಿಕೊಡಲು ಒಬ್ಬರೂ ಏಳಲಿಲ್ಲ.

ಮನಸ್ಸು ಹಗುರಾಗುತ್ತದೆ ಎಂದುಕೊಂಡಿದ್ದಳು ಚಿಲಕ. ಆಗಲಿಲ್ಲ. ತಲೆಯೆತ್ತಿದರೆ ನಲವತ್ತು ಜನ ಅವಳನ್ನೇ ನೋಡುತ್ತಿದ್ದರು. ಹತ್ತೊಂಬತ್ತು ವರ್ಷ ಅವರು ಕೈ ಎತ್ತಿದ್ದು, ಎತ್ತದೆ ಉಳಿದದ್ದು, ಎಲ್ಲವೂ ಈ ಹೆಂಗಸಿನ ಬಾಯಲ್ಲಿದೆ ಎಂಬ ಭಯ ಆ ಕಣ್ಣುಗಳಲ್ಲಿತ್ತು.

ಉಗ್ರಾಣದವಳು ಎದ್ದು ನಿಂತಳು. ಅವಳು ಮ್ಯಾನೇಜರನ ನಾದಿನಿ, ಅವಳನ್ನು ಕಂಡರೆ ಅಲ್ಲಿ ಯಾರಿಗೂ ಆಗುತ್ತಿರಲಿಲ್ಲ. “ಇನ್ಮೇಲೆ ಸಂಘ ನಾನು ನೋಡ್ಕೋತೀನಿ. ಒಪ್ಪೋರು ಕೈ ಎತ್ತಿ. ಚಿಲಕ, ಎಣ್ಸಮ್ಮ. ಈಗ ಬಾಯಿ ಬಿಡೋದೂ ಕಲ್ತಿದ್ದೀಯಲ್ಲ.”

ಎಲ್ಲ ಕೈಗಳೂ ಎದ್ದವು.

“ಇನ್ನೊಂದು. ತಡೆಕಂಬಿ ವಿಷಯ ಇಟ್ಕೊಂಡು ಸಾಹೇಬರಿಗೆ ಈಗ್ಲೇ ತೊಂದ್ರೆ ಕೊಡೋದು ಬೇಡ. ಮುಂದಿನ ವರ್ಷ ನೋಡೋಣ. ಏನಂತೀರಿ?”

ಎಲ್ಲರೂ ಮತ್ತೆ ಗೋಡೆ ಕಡೆಗೇ ತಿರುಗಿ ಕೂತಿದ್ದರು. ಆದರೆ ಒಬ್ಬರೂ ಕಣ್ಣು ಮುಚ್ಚಿರಲಿಲ್ಲ. ಕತ್ತು ಹೊರಳಿಸಿ, ತಾನು ಎತ್ತಿದ್ದನ್ನು ಚಿಲಕ ನೋಡಿದಳೋ ಇಲ್ಲವೋ ಎಂದು ಒಬ್ಬೊಬ್ಬಳೂ ಖಚಿತ ಮಾಡಿಕೊಳ್ಳುತ್ತಿದ್ದಳು. ಚಿಲಕ ಒಂದೊಂದೇ ಕೈ ಎಣಿಸಿದಳು, ನಲವತ್ತೂ ಇದ್ದವು.

“ಆಯ್ತು,” ಎಂದಳು.