ಕೇಪಳದ ಬೇರು

ನೆರೆಮನೆಯ ರಜಿಯಾ, ರಾತ್ರಿ ತೀರಿಹೋದ ಜೊಹರಾಬಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತೊಳೆಯುತ್ತಿದ್ದಳು. ಉಗುರುಸಂದಿಯ ಕಂದು ಕಲೆ ಮಾತ್ರ ಎಷ್ಟು ಉಜ್ಜಿದರೂ ಹೋಗಲಿಲ್ಲ.

"ಬೇರಿನ ಕಲೆ, ನಲವತ್ತು ವರ್ಷದ್ದು," ಎಂದಳು. "ನಿನ್ನ ಅಮ್ಮಿ ಕೊಟ್ಟ ಕಷಾಯ ಕುಡಿದು ಕೆಟ್ಟೋರು ಯಲ್ಲಾಪುರದಲ್ಲಿ ಒಬ್ರಿಲ್ಲ, ಸಕೀನಾ."

ನೀರು ಕೊಡುತ್ತಿದ್ದ ಮಗಳು ತಂಬಿಗೆ ತುಂಬುವ ನೆಪದಲ್ಲಿ ಅತ್ತ ತಿರುಗಿದಳು. ಅಮ್ಮಿ ಹೋದ ದುಃಖ ಒಂದು ಕಡೆ, ಅದನ್ನೂ ಮೀರಿದ ಹೆದರಿಕೆ ಇನ್ನೊಂದು ಕಡೆ. ಕೊನೆಯ ಬೇರು ಕಿತ್ತವಳು ಅಮ್ಮಿಯಲ್ಲ, ತಾನು.

*

೧೯೩೫ರ ಮಾಗಿ. ನಿನ್ನೆ ಬೆಳಿಗ್ಗೆ ಕೆಳಕೇರಿಯ ನಾಗಿ ಓಡಿಬಂದಿದ್ದಳು. ಹುಚ್ಚನೆಂಬ ಹೆಸರಿನ ಅವಳ ಗಂಡನಿಗೆ ಮೂರು ದಿನದಿಂದ ರಕ್ತಭೇದಿ. ಜ್ವರದಲ್ಲಿ ಏಳಲಾರದ ಜೊಹರಾಬಿ ಮಗಳನ್ನೇ ಗುಡ್ಡಕ್ಕೆ ಕಳಿಸಿದಳು.

"ಈಗ ಹೂವಿಲ್ಲ, ಕೆಂಪು ಹುಡುಕ್ತಾ ಹೋಗ್ಬೇಡ. ಎಲೆ ಎದುರುಬದುರು ಕೂತಿರ್ಬೇಕು, ನಡುವಿನ ಗಂಟಲ್ಲಿ ಸಣ್ಣ ಮುಳ್ಳಿನಂಥದು ಬೆರಳಿಗೆ ತಾಗ್ಬೇಕು. ಅದೇ ಕೇಪಳ. ತಾಗ್ದಿದ್ರೆ ಬೇರೆ ಗಿಡ, ವಿಷದ್ದೂ ಇರ್ಬೋದು. ಬೇರು ತಗೊಂಡು ಕೊಂಬೆನ ಅಲ್ಲೇ ನೆಟ್ಟು ಬಾ. ಗಿಡದ ವಂಶ ತೆಗೀಬಾರ್ದು."

ಸಕೀನಾ ಎದುರುಬದುರು ಎಲೆ ನೋಡಿದಳು, ಅಗೆದಳು, ಕೊಂಬೆ ನೆಟ್ಟು ಓಡಿಬಂದಳು. ಬೇರು ನಾಗಿಯ ಕೈಸೇರಿದ ಮೇಲೆ ನೆನಪಾಯಿತು, ಗಂಟನ್ನು ಮುಟ್ಟಿಯೇ ಇರಲಿಲ್ಲ. ಕೇಳೋಣವೆಂದರೆ ಅಮ್ಮಿಗೆ ಮಾತು ನಿಂತಿತ್ತು. ನೋಡೋಣವೆಂದರೆ ಎಲೆಯೆಲ್ಲ ಗುಡ್ಡದಲ್ಲೇ ಉಳಿದಿತ್ತು.

*

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಅಂಗಳಕ್ಕೆ ಯಾರು ಬಂದರೂ ಸಕೀನಾ ಬಾಗಿಲ ಸಂದಿಯಿಂದ ಇಣುಕುವಳು.

"ನಾಗಿ ಮನೆಯಿಂದ ಯಾರೂ ಬರ್ಲಿಲ್ವಾ?" ಎಂದು ಅಣ್ಣ ಅಖ್ತರನನ್ನು ಕೇಳಿದಳು.

"ಇಲ್ಲ. ಹೇಳಿ ಕಳಿಸಿದ್ದೆ. ಹುಚ್ಚ ಹೇಗಿದಾನೋ ಏನೋ."

ಅಮ್ಮಿಯ ನಲವತ್ತು ವರ್ಷದ ಹೆಸರನ್ನು ಒಂದೇ ಬೆಳಿಗ್ಗೆಯಲ್ಲಿ ಹಾಳುಮಾಡಿದೆ, ಒಂದು ಜೀವವನ್ನೂ ತೆಗೆದೆ ಎಂದು ಸಕೀನಾ ಗೋಡೆಗೊರಗಿ ಅತ್ತಳು. ಅಮ್ಮಿಗಾಗಿ ಅಳುತ್ತಿದ್ದಾಳೆಂದುಕೊಂಡ ರಜಿಯಾ ಬೆನ್ನು ಸವರಿದಳು.

ಜನಾಜ ಎತ್ತುವ ಹೊತ್ತಿಗೆ ನಾಗಿ ಬಂದಳು. ಒಬ್ಬಳೇ.

"ಹುಚ್ಚಣ್ಣ?" ಸಕೀನಾಳ ಬಾಯಿಂದ ಅಷ್ಟೇ ಹೊರಟಿತು.

"ಹಿಂದೆ ಬತ್ತಾ ಇದಾರೆ. ಕಷಾಯ ಕುಡಿದು ನಿನ್ನೆ ಸಂಜೆಗೇ ಭೇದಿ ನಿಂತೋಯ್ತು, ಬೆಳಿಗ್ಗೆ ಗಂಜಿ ಉಂಡ್ರು. ಮಲಗಿ ಅಂದ್ರೆ ಕೇಳ್ಲಿಲ್ಲ. ಅವ್ರ ನಡಿಗೆಗೆ ಕಾದೂ ಕಾದೂ ತಡ ಆಯ್ತು."

ಸಕೀನಾಳ ಎದೆಯ ಮೇಲಿನ ಬಂಡೆ ಇಳಿಯಿತು. ಇಂಥ ದಿನ ನಗು ಬಂತಲ್ಲ ಎಂದು ನಾಚಿ ಸೆರಗು ಬಾಯಿಗಿಟ್ಟುಕೊಂಡಳು. ಅಮ್ಮಿಗಾಗಿ ಅಳು ಬಂದದ್ದು ಆಮೇಲೆ.

ಹೊರಗೆ ಹುಚ್ಚ ಕೋಲನ್ನು ಬೇಲಿಗೆ ಆನಿಸಿ ಜನಾಜಕ್ಕೆ ಹೆಗಲು ಕೊಟ್ಟ. ನಾಲ್ಕು ಹೆಜ್ಜೆಗೇ ಅವನ ಕಾಲು ತತ್ತರಿಸಿತು.

"ಸಾಕು, ಬಿಡೋ," ಎಂದ ಅಖ್ತರ್.

ಹುಚ್ಚ ಬಿಡಲಿಲ್ಲ. ಬಾಗಿಲಲ್ಲಿ ನಿಂತ ಸಕೀನಾಳಿಗೆ ರಸ್ತೆಯ ತಿರುವಿನವರೆಗೂ ಅವನ ಬಡಕಲು ಹೆಗಲು ಜನಾಜದಡಿ ಕಾಣುತ್ತಿತ್ತು.